ಕಪಾಟಿನೊಳಗಿನ ಸ್ಪೀಕರ್

ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನನ್ನ ಮನೆಯ ಮೇಲಿನ ಮನೆಯವರು ಗಿಟಾರ್ ಬಾರಿಸುತ್ತಿದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಊರಿನ ವಾಡಿಕೆಯಂತೆ ನಾನು ಅವರನ್ನು ಪೊರ್ಬುಗಳೇ ಎಂದೂ ಅವರ ಹೆಂಡತಿಯನ್ನು ಬಾಯಮ್ಮ ಎಂದೂ ಕರೆಯುತ್ತಿದ್ದೆ. ನನಗೆ ಅವರಿಟ್ಟ ಹೆಸರು ಸಾರ್ಜೆಂಟ್ರು. ವಾಯುಸೇನೆಯ ವರ್ಕ್‌ಶಾಪಿನಲ್ಲಿ ರೇಡಿಯೋ ರಿಪೇರಿ ಮಾಡಿ, ಅಲ್ಲಿ ಅವಧಿ ಮುಗಿಸಿ, ದುಬೈಯ ಒಂದು ಹೋಟೆಲಿನ ಮೇಂಟೆನೆನ್ಸ್ ವಿಭಾಗಕ್ಕೆ ಬಂದವನು ನಾನು. ಕತ್ತಲಿರುವಾಗಲೇ ಏಳುವುದು, ಹಾಸಿಗೆಯ ಮೂಲೆ ಎಳೆದು ಮಡಚುವುದು, ಬಳಸಿದ ಸ್ಕ್ರೂಡ್ರೈವರನ್ನು ಒರಸಿ ಅದರ ಜಾಗದಲ್ಲೇ ಇಡುವುದು, ಇವೆಲ್ಲ ಸಮವಸ್ತ್ರದ ಜೊತೆ ಕಳಚಿ ಹೋಗುವಂಥವಲ್ಲ. ಪೊರ್ಬುಗಳಿಗೆ ಅದೆಲ್ಲ ತಮಾಷೆ. ಲಿಫ್ಟಿನಲ್ಲಿ ಸಿಕ್ಕಿದರೆ "ಇವತ್ತಿನ ಪರೇಡ್ ಆಯ್ತಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ದುಬೈಗೆ ಮೆಟ್ರೋ ಬಂದು ಕೆಲವು ವರ್ಷಗಳಾಗಿದ್ದವು. ಒಂದು ಸಂಜೆ ಅವರು ಕೆಳಗೆ ಬಂದು ನನ್ನ ಎದುರು ಕುಳಿತರು. ಆ ದಿನ ತಮಾಷೆ ಮಾಡಲಿಲ್ಲ.

"ಸಾರ್ಜೆಂಟ್ರೇ, ನನ್ನ ಬಲಕಿವಿ ಖಲಾಸ್. ಎಡದ್ದು ಕೂಡ ಹೋಗ್ತದಂತೆ. ನರದ್ದು. ಮದ್ದಿಲ್ಲ ಅಂತ ಹೇಳಿದ್ರು ಡಾಕ್ಟ್ರು."

ನಾನು ನೀರು ಕೊಟ್ಟೆ. ಕುಡಿದು, ಉಳಿದದ್ದನ್ನೂ ಹೇಳಿದರು. ದೇರಾದ ಒಂದು ಅಂಗಡಿಯ ಕೌಂಟರಿನಲ್ಲಿ ಅವರ ಕೆಲಸ. ಗಿರಾಕಿ ಕೇಳಿದ್ದು ಕೇಳಿಸದೆ ಮೇಲಿಂದ ಮೇಲೆ ತೊಂದರೆಯಾಗಿತ್ತು. ಮಾಲಿಕ ಈ ಸಲ ವೀಸಾ ನವೀಕರಿಸುವುದಿಲ್ಲ ಎಂದಿದ್ದ. ಗಂಡ ಹೆಂಡತಿ ಇಬ್ಬರೂ ಊರಿಗೆ ಹೊರಡಬೇಕು.

"ಊರಿಗೆ ಹೋಗುದಕ್ಕೆ ಬೇಜಾರಿಲ್ಲ ಮಾರಾಯ್ರೇ. ಆದ್ರೆ ಈ ಎಡಕಿವಿ ಇರುವಾಗ್ಲೇ ನನ್ನ ಸೌಂಡ್ ಒಮ್ಮೆ ಸರಿಯಾಗಿ ಕೇಳ್ಬೇಕು. ಒಂದೇ ಸಲ ಸಾಕು. ಪೆಟ್ಟಿಗೆ ಹಾಳಾಗಿದೆ. ನೀವು ಮಾಡಿಕೊಡ್ಬೇಕು."

ಪೆಟ್ಟಿಗೆ ಎಂದರೆ ಅವರ ಆಂಪ್ಲಿಫೈಯರ್. ಅಮೆರಿಕದಲ್ಲಿ ಅರುವತ್ತರ ದಶಕದಲ್ಲಿ ತಯಾರಾದದ್ದು. ಮಿರ್ದಿಫ್‌ನಲ್ಲಿ ವಿಲ್ಲಾ ಖಾಲಿ ಮಾಡಿ ಹೊರಟಿದ್ದ ಒಬ್ಬ ಬಿಳಿಯನಿಂದ ಪೊರ್ಬುಗಳು ಅದನ್ನು ಕೊಂಡು, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದರಂತೆ. ನಮ್ಮ ಕಾಲದ ವಾಲ್ವ್ ರೇಡಿಯೋ ನೋಡಿದವರಿಗೆ ಅದರ ಒಳಗು ಹೊಸತಲ್ಲ. ಗಾಜಿನ ಬುರುಡೆಗಳು, ಅವುಗಳೊಳಗೆ ಕೆಂಪಗೆ ಕಾಯುವ ತಂತಿ, ಕಬ್ಬಿಣದ ಭಾರದ ಟ್ರಾನ್ಸ್‌ಫಾರ್ಮರ್. ವಾಲ್ವ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ವಾರದ ಆರು ದಿನ ಕೌಂಟರಿನಲ್ಲಿ ನಿಂತ ಮನುಷ್ಯ, ಗುರುವಾರ ಶುಕ್ರವಾರಗಳಂದು ದುಬೈ, ಅಬುಧಾಬಿಗಳ ಹಾಲುಗಳಲ್ಲಿ ಊರಿನವರ ಮದುವೆ, ಮದುವೆಯ ಮುನ್ನಾದಿನದ ರೋಸ್, ಕ್ರಿಸ್ಮಸ್ ಡ್ಯಾನ್ಸುಗಳಿಗೆ ಬ್ಯಾಂಡಿನಲ್ಲಿ ಬಾರಿಸುತ್ತಿದ್ದರು. ಆ ಪೆಟ್ಟಿಗೆ ಯಾವಾಗಲೂ ಅವರ ಬಲಕ್ಕೆ, ಕಿವಿಯ ಮಟ್ಟಕ್ಕೆ ಬರುವಂತೆ ಕುರ್ಚಿಯ ಮೇಲೆ.

ಅವರು ಕೇಳಬೇಕೆಂದಿದ್ದ ಸದ್ದಿಗೆ ಓವರ್‌ಡ್ರೈವ್ ಎಂದು ಹೆಸರು. ನನ್ನ ಶಿಕ್ಷಣದ ಪ್ರಕಾರ ಅದು ದೋಷ. ವಾಲ್ವಿಗೆ ಅದರ ಶಕ್ತಿ ಮೀರಿ ಕೆಲಸ ಕೊಟ್ಟರೆ ತರಂಗದ ತಲೆ ಚಪ್ಪಟೆಯಾಗುತ್ತದೆ, ಸ್ವರ ಗೊಗ್ಗರಾಗುತ್ತದೆ. ವರ್ಕ್‌ಶಾಪಿನಲ್ಲಿ ಅಂಥ ಸೆಟ್ ಬಂದರೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುತ್ತಿದ್ದೆವು. ಇವರು ಅದನ್ನೇ ಬೇಕು ಎನ್ನುತ್ತಿದ್ದರು. ನಾನು ಹಾಗೆಂದಾಗ ಅವರು ಕೈಯಾಡಿಸಿದರು.

"ನೀವು ಕೋಲಿನ ಹಾಗೆ ನೇರ ನಿಂತ ಸ್ವರ ಕೇಳಿದ್ದು. ಅಳುವಾಗ ಮನುಷ್ಯನ ಗಂಟಲು ಒಡೀತದಲ್ಲ? ಅದು ನಿಮಗೆ ದೋಷವಾ?"

ನಾನು ಕೆಲಸಕ್ಕೆ ಒಪ್ಪಿದೆ.

ಕಷ್ಟ ಎಲ್ಲಿತ್ತೆಂದರೆ, ಹಳೆಯ ವಾಲ್ವ್ ಪೆಟ್ಟಿಗೆ ಆ ಸದ್ದು ಕೊಡುವುದು ಜೋರಾಗಿ ಬಾರಿಸಿದಾಗ ಮಾತ್ರ. ಗುಂಡಿಯನ್ನು ಮುಕ್ಕಾಲಿನಾಚೆ ತಿರುಗಿಸಬೇಕು, ವಾಲ್ವುಗಳು ಬೆವರಬೇಕು. ಮದುವೆ ಹಾಲಿನಲ್ಲಿ ಅದು ನಡೆಯುತ್ತದೆ. ಇಲ್ಲಿ ಗೋಡೆಯ ಆಚೆ ಮಗು ಕೆಮ್ಮಿದರೆ ಈಚೆ ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಜೋರು ಶಬ್ದದ ಹತ್ತಿರ ಕೂಡ ಹೋಗಬಾರದೆಂದು ಡಾಕ್ಟರರು ಕಟ್ಟಾಜ್ಞೆ ಮಾಡಿದ್ದರು. ವಾಲ್ವುಗಳಿಗೆ ಜೋರು ಬೇಕು, ಕಿವಿಗೆ ಮೆಲ್ಲಗೆ ಬೇಕು.

ಇಲ್ಲಿ ರಜೆಯ ದಿನವಾದ ಶುಕ್ರವಾರ ಬೆಳಗಿನ ಪೂಜೆ ಮುಗಿಸಿ ಅವರು ಚರ್ಚಿನಿಂದ ಬರುವುದಕ್ಕೂ ನಾನು ಉಪಕರಣಗಳ ಪೆಟ್ಟಿಗೆ ಹಿಡಿದು ಮೇಲೆ ಹೋಗುವುದಕ್ಕೂ ಸರಿಹೋಗುತ್ತಿತ್ತು. ಮೊದಲು ಒಳಗೆ ಉಳಿದಿದ್ದ ವಿದ್ಯುತ್ತನ್ನು ಇಳಿಸಿದೆ. ವಾಲ್ವ್ ಸೆಟ್ಟುಗಳು ಪ್ಲಗ್ ಕಿತ್ತ ಮೇಲೂ ಹೊಡೆಯುತ್ತವೆ. ಇಲ್ಲಿಯ ಸೆಕೆಗೆ ಕೆಪಾಸಿಟರುಗಳು ಒಣಗಿ ಸೋರಿದ್ದವು. ಗುಂಯ್ ಎನ್ನುವ ಹಮ್ ಅವುಗಳದ್ದೇ. ಅವನ್ನು ಬದಲಾಯಿಸಿದೆ. ಪೆಟ್ಟಿಗೆಗೆ ಬೇಕಾದದ್ದು ನೂರ ಹತ್ತು ವೋಲ್ಟ್. ಅವರು ಯಾವುದೋ ಅಗ್ಗದ ಟ್ರಾನ್ಸ್‌ಫಾರ್ಮರ್ ಇಟ್ಟು ಹೆಚ್ಚು ಕೊಡುತ್ತಿದ್ದರು. ಅದನ್ನು ತೆಗೆದು ನನ್ನದೇ ವೇರಿಯಾಕ್ ಇಟ್ಟು ವೋಲ್ಟೇಜನ್ನು ಹದಕ್ಕೆ ಇಳಿಸಿದೆ. ಆಮೇಲೆ ಸ್ಪೀಕರನ್ನು ಕಳಚಿ ಹಲಗೆಗೆ ಬಿಗಿದು, ಉದ್ದ ತಂತಿ ಕೊಟ್ಟು, ಮಲಗುವ ಕೋಣೆಯ ಗೋಡೆ ಕಪಾಟಿನೊಳಗೆ ನಿಲ್ಲಿಸಿದೆ. ಅದರೆದುರು ಒಂದು ಮೈಕ್. ಮೈಕಿನ ತಂತಿ ಹಾಲಿನಲ್ಲಿದ್ದ ಒಂದು ಪುಟ್ಟ ಸ್ಪೀಕರಿಗೆ. ಕಪಾಟಿನೊಳಗೆ ಎಷ್ಟು ಆರ್ಭಟವಿದ್ದರೂ ಹಾಲಿನಲ್ಲಿ ಬೇಕಾದಷ್ಟೇ ಕೇಳುವ ಹಾಗೆ. ಕಾಯುವ ವಾಲ್ವುಗಳನ್ನು ಹೊರಗೆ, ಮೇಜಿನ ಮೇಲೆ ಗಾಳಿಗೆ ಬಿಟ್ಟೆ.

ಕಪಾಟಿನ ಸಂದುಗಳನ್ನು ತುಂಬಲು ದಪ್ಪ ಬಟ್ಟೆ ಬೇಕಿತ್ತು. ಊರಿಗೆ ಒಯ್ಯಲು ಕೊಂಡಿಟ್ಟ ಕಂಬಳಿಗಳು ಮಂಚದ ಮೇಲೆ ಜಿಪ್ ಚೀಲಗಳಲ್ಲಿದ್ದವು. ಹುಲಿ, ನವಿಲು, ಕೆಂಪು ಗುಲಾಬಿ. ನಾನು ಅವನ್ನೇ ಕೇಳಿದೆ.

"ಅಯ್ಯೋ ಅಣ್ಣಾ, ಹುಲಿಯದ್ದು ನನ್ನ ನಾದಿನಿಗೆ. ಗಿಟಾರಿನ ವಾಸನೆ ಬಂದ್ರೆ?" ಎಂದರು ಬಾಯಮ್ಮ.

"ಗಿಟಾರಿಗೆ ಎಂತ ವಾಸನೆ?"

"ಇವರ ಗಿಟಾರಿಗೆ ಸಿಗರೇಟಿನ ವಾಸನೆ ಉಂಟು. ನೀವು ಹತ್ತಿರ ಹೋಗಿ ನೋಡಿಲ್ಲ."

"ನಾದಿನಿಗೆ ಮೂಗು ಮೊದ್ಲೇ ಇಲ್ಲ, ಕೊಡು ಕೊಡು," ಎಂದರು ಪೊರ್ಬುಗಳು. ಅವರ ಸ್ವಂತ ತಂಗಿಯ ಮಾತು ಅದು. ಆ ದಿನ ಇಬ್ಬರೂ ನಕ್ಕಿದ್ದರು.

ಎಲ್ಲ ಸಿದ್ಧವಾದ ಮೇಲೆ ಅವರು ಗಿಟಾರ್ ಎತ್ತಿಕೊಂಡರು. ಎಡಕಿವಿಯನ್ನು ಪುಟ್ಟ ಸ್ಪೀಕರಿನ ಕಡೆ ತಿರುಗಿಸಿ ಸ್ಟೂಲಿನ ಮೇಲೆ ಕುಳಿತರು. ಬಾರಿಸಿದರು.

ಅಂಥ ಸದ್ದನ್ನು ನಾನು ಅಲ್ಲಿಯತನಕ ಗಮನ ಕೊಟ್ಟು ಕೇಳಿದವನಲ್ಲ. ಮೆಲ್ಲಗೆ ಮೀಟಿದಾಗ ಸ್ವರ ಶುದ್ಧವಾಗಿತ್ತು. ಬೆರಳಿನ ಭಾರ ಹೆಚ್ಚಿದಂತೆ ಅಂಚು ಒರಟಾಗುತ್ತ ಹೋಯಿತು. ಗಟ್ಟಿಯಾಗಿ ಎಳೆದಾಗ ಒಳಗಿಂದ ಒಂದು ಗುಟುರು ಎದ್ದು, ಸ್ವರ ಸಾಯದೆ ಬಹಳ ಹೊತ್ತು ನಿಂತಿತು. ಸ್ವಿಚ್ಚು ಒತ್ತಿ ತರುವ ಬದಲಾವಣೆ ಅಲ್ಲ ಅದು. ಮನುಷ್ಯನ ಬೆರಳಿಗೂ ವಾಲ್ವಿಗೂ ನಡುವೆ ನಡೆಯುವ ಮಾತು. ದೋಷವೇ ಹೌದು, ಆದರೆ ಹೇಳಿದ ಮಾತು ಕೇಳುವ ದೋಷ.

ಬಾಯಮ್ಮ ಕೈ ಒರಸುತ್ತ ಅಡುಗೆ ಮನೆಯಿಂದ ಬಂದರು. "ಇದೇ ಅಲ್ವಾ ನಿಮ್ಮದು?" ಎಂದರು.

ಪೊರ್ಬುಗಳು ತಿರುಗಿಯೂ ನೋಡಲಿಲ್ಲ. "ನಿಂಗೆಂತ ಗೊತ್ತು? ತಗಡು ಹರಿದ ಹಾಗೆ ಉಂಟು. ಸಾರ್ಜೆಂಟ್ರೇ, ಇದಲ್ಲ. ಇದು ಅಲ್ಲವೇ ಅಲ್ಲ."

ಬಾರಿಸುವವರು ಅವರು. ಸದ್ದು ಅವರದ್ದು. ನಾನು ಅವರ ಮಾತನ್ನು ಪ್ರಮಾಣವಾಗಿ ಇಟ್ಟುಕೊಂಡೆ.

ಆಮೇಲಿನ ಶುಕ್ರವಾರಗಳೆಲ್ಲ ಹಾಗೆಯೇ ಕಳೆದವು. ಮೈಕ್ ಸರಿಯಿಲ್ಲ ಎಂದರು, ಹೋಟೆಲಿನಿಂದ ಅನುಮತಿ ಪಡೆದು ಬೇರೆ ಮೈಕ್ ತಂದೆ. ವಾಲ್ವ್ ಮುದಿಯಾಗಿದೆ ಎಂದರು, ರಷ್ಯಾದಲ್ಲಿ ತಯಾರಾದ ಹೊಸ ಜೋಡಿ ತರಿಸಿ, ಹಾಕಿ, ಎರಡೂ ಸಮವಾಗಿ ಕಾಯುವಂತೆ ಕರೆಂಟು ಹೊಂದಿಸಿದೆ. ಹಳೆಯದೇ ವಾಸಿ ಎಂದರು, ಹಳೆಯದನ್ನು ಹಾಕಿದೆ. ಈ ನಡುವೆ ನನಗೂ ಕೆಲವು ವಿಷಯ ತಿಳಿಯಿತು. ಬಾಸ್ ಗುಂಡಿಯನ್ನು ಮೊದಲೇ ಇಳಿಸಬೇಕು, ಇಲ್ಲದಿದ್ದರೆ ಸ್ವರ ಒಡೆಯುವ ಬದಲು ಕೆಸರಾಗುತ್ತದೆ. ಪೆಟ್ಟಿಗೆಯ ಗುಂಡಿಯನ್ನು ಮೇಲಕ್ಕೇ ಬಿಟ್ಟು ಗಿಟಾರಿನ ಗುಂಡಿಯಿಂದಲೇ ಏರಿಳಿಸಬೇಕು. ತಣ್ಣಗಿರುವಾಗ ತೀರ್ಪು ಕೊಡಬಾರದು, ವಾಲ್ವುಗಳು ಚೆನ್ನಾಗಿ ಕಾದ ಮೇಲೆ ಸ್ವರ ಮೈಬಿಡುತ್ತದೆ. ನನ್ನ ಕಿವಿಗೆ ಪ್ರತಿ ವಾರವೂ ಸದ್ದು ಚೆನ್ನಾಗಿಯೇ ಇತ್ತು. ಅವರ ಮುಖ ಮಾತ್ರ ಪ್ರತಿ ವಾರ ಕೆಡುತ್ತಿತ್ತು. ಚೂಪು ಸ್ವರದ ಗುಂಡಿ ಹೆಚ್ಚಿಸಿ ಎನ್ನುವರು, ಹೆಚ್ಚಿಸಿದರೆ ಸೂಜಿ ಚುಚ್ಚಿದಂತೆ ತಲೆ ಹಿಂದಕ್ಕೆ ಎಳೆದುಕೊಳ್ಳುವರು. ಇಳಿಸಿದರೆ ಏನೂ ಕೇಳುವುದಿಲ್ಲ ಎನ್ನುವರು.

ಹೊರಡುವ ದಿನ ಹತ್ತಿರ ಬರುತ್ತಿತ್ತು. ಸೋಫಾ ಯಾರೋ ಒಯ್ದರು. ಫ್ರಿಜ್ ಹೋಯಿತು. ಖಾಲಿ ಹಾಲಿನಲ್ಲಿ ಮೇಜು, ಸ್ಟೂಲು ಮತ್ತು ವಾಲ್ವುಗಳು ಉಳಿದವು.

ಒಂದು ಶುಕ್ರವಾರ ಅವರು ಒಂದೇ ತಂತಿ ಮೀಟಿ ಸಿಡುಕಿದರು. "ನೋಡಿ, ಒಂದು ಮೀಟಿದ್ರೆ ಎರಡು ಸ್ವರ ಬರ್ತದೆ. ಒಂದು ಸರಿ, ಇನ್ನೊಂದು ಅದರ ಪಕ್ಕದ್ದು, ಅಪಸ್ವರ. ಯಾವ ತಂತಿ ತಾಗ್ತಾ ಉಂಟು?"

ಯಾವ ತಂತಿಯೂ ತಾಗುತ್ತಿರಲಿಲ್ಲ. ಸದ್ದಿನ ತರಂಗವನ್ನು ಗೆರೆಯಾಗಿ ತೋರಿಸುವ ನನ್ನ ಹಳೆಯ ಆಸಿಲೋಸ್ಕೋಪ್ ತಂದು ಜೋಡಿಸಿದೆ. ಹಸಿರು ಪರದೆಯ ಮೇಲೆ ಒಂದೇ ತರಂಗ. ತಲೆ ನಯವಾಗಿ ಚಪ್ಪಟೆ, ಏನೂ ಹೆಚ್ಚಿಲ್ಲ, ಏನೂ ಕಡಿಮೆಯಿಲ್ಲ. ಅಂಥ ಸುಂದರ ದೋಷವನ್ನು ನಾನು ಸೇವೆಯಲ್ಲೇ ಕಂಡಿರಲಿಲ್ಲ. ಅವರು ಮತ್ತೆ ಮೀಟಿದರು. "ಈಗ್ಲೂ ಎರಡು," ಎಂದರು. ಪರದೆಯ ಮೇಲೆ ಒಂದೇ ಇತ್ತು.

ಎರಡನೆಯ ಸ್ವರ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದು ಎಲ್ಲಿತ್ತು ಎಂಬುದು ಆಗ ನನಗೆ ತಿಳಿಯಿತು. ಎಡಕಿವಿಯನ್ನು ಅವರು ಕಾಪಾಡಿಕೊಂಡು ಬಂದಿದ್ದೇನೋ ನಿಜ. ಅದಕ್ಕೆ ಮಾತು ಕೇಳಿಸುತ್ತಿತ್ತು, ಸ್ವರ ಹಿಡಿಯುವ ಶಕ್ತಿ ಮಾತ್ರ ಅವರಿಗೆ ಹೇಳದೆ ಮೊದಲೇ ಹೋಗಿತ್ತು.

ನೀರು ಕುಡಿಯುವ ನೆವ ಮಾಡಿ ಅಡುಗೆ ಮನೆಗೆ ಹೋದೆ. ಬಾಯಮ್ಮ ಪಾತ್ರೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದರು. ನನ್ನ ಮುಖ ನೋಡಿದ್ದೇ ಅವರಿಗೆ ಗೊತ್ತಾಯಿತು.

"ನಿಮಗೂ ತಿಳೀತಲ್ಲ ಅಣ್ಣಾ."

"ನಿಮಗೆ ಯಾವಾಗ?"

"ಮೊದಲ ಶುಕ್ರವಾರವೇ. ಇಷ್ಟು ವರ್ಷ ಕೇಳಿ ಕೇಳಿ ತಲೆನೋವು ಬಂದದ್ದು ನನಗಲ್ವಾ? ನನಗೆ ಗೊತ್ತಾಗುದಿಲ್ವಾ ಅದು?" ಧ್ವನಿ ತಗ್ಗಿಸುವ ಅಗತ್ಯ ಇರಲಿಲ್ಲ. ಆದರೂ ತಗ್ಗಿಸಿದರು. "ಪೆಟ್ಟಿಗೆ ಸುಟ್ಟುಹೋಯ್ತು, ರಿಪೇರಿ ಆಗುದಿಲ್ಲ ಅಂತ ಹೇಳಿಬಿಡಿ. ಪೆಟ್ಟಿಗೆ ಹೋಯ್ತು ಅಂತ ಅಳ್ಲಿ. ಅದು ಪರವಾಗಿಲ್ಲ. ಒಂದು ವಾರ ಅತ್ತು ಸುಮ್ಮನಾಗ್ತಾರೆ."

ಅದು ಕೆಟ್ಟ ಸಲಹೆಯಲ್ಲ. ಆದರೆ ನನ್ನಿಂದಾಗದ ಕೆಲಸ. ಸರಿಯಿರುವ ಸೆಟ್ಟಿಗೆ ಕೆಟ್ಟಿದೆ ಎಂದು ನಾನು ಎಂದೂ ಚೀಟಿ ಕಟ್ಟಿದವನಲ್ಲ. ಅಲ್ಲದೆ, ಊರಿಗೆ ಹೋಗಿ ಅವರು ಇನ್ನೊಂದು ಪೆಟ್ಟಿಗೆ ಹುಡುಕುತ್ತಾರೆ, ಮತ್ತೊಂದು ಹುಡುಕುತ್ತಾರೆ. ಯಾವುದೂ ಸರಿಯಾಗುವುದಿಲ್ಲ. ಉಳಿದ ಕಾಲವೆಲ್ಲ ರಿಪೇರಿಯವರನ್ನು ಬೈಯುವುದೇ ಆಗುತ್ತದೆ.

"ಬರುವ ಶುಕ್ರವಾರ ನಾನೇ ಹೇಳ್ತೇನೆ ಬಾಯಮ್ಮ," ಎಂದೆ.

ಅವರು ಒಂದು ಬೋಗುಣಿಯನ್ನು ಸುತ್ತಿ ಮುಗಿಸಿದರು. "ಹೇಳಿ. ಆಮೇಲೆ ನೀವು ಕೆಳಗೆ ಹೋಗ್ತೀರಿ. ನಾನು ಇಲ್ಲೇ ಇರ್ಬೇಕಲ್ಲ," ಎಂದರು.

ಆ ವಾರ ನಾನು ಮಾತನ್ನು ತಿದ್ದಿ ತಿದ್ದಿ ಸಿದ್ಧಮಾಡಿಕೊಂಡೆ. ಆ ಮಾತನ್ನು ಆಡುವ ಅವಕಾಶ ಬರಲಿಲ್ಲ. ಶುಕ್ರವಾರ ಒಳಗೆ ಕಾಲಿಟ್ಟಾಗ ಪೊರ್ಬುಗಳು ಲ್ಯಾಪ್‌ಟಾಪ್ ಬಿಚ್ಚಿಟ್ಟು ಕುಳಿತಿದ್ದರು. ಮುಖದಲ್ಲಿ ಗೆಲುವಿತ್ತು.

"ಬನ್ನಿ, ಕೂತ್ಕೊಳ್ಳಿ. ತಪ್ಪು ನನ್ನದೇ. ನಿಮಗೆ ಆ ಸೌಂಡ್ ಹೇಗಿರ್ತದೆ ಅಂತ್ಲೇ ಗೊತ್ತಿಲ್ಲ, ಮತ್ತೆ ಹೇಗೆ ಮಾಡಿಕೊಡ್ತೀರಿ? ಅಬುಧಾಬಿಯ ಒಂದು ಮದುವೆಯ ರೆಕಾರ್ಡಿಂಗ್ ಉಂಟು. ಇದೇ ಪೆಟ್ಟಿಗೆ, ಇದೇ ಗಿಟಾರ್. ಅವತ್ತಿನಷ್ಟು ಒಳ್ಳೆಯ ಟೋನ್ ನನಗೆ ಮತ್ತೆ ಬರ್ಲೇ ಇಲ್ಲ. ಮೊದ್ಲು ನಾನು ಜಾಗ ಹುಡುಕ್ತೇನೆ, ಆಮೇಲೆ ನೀವು ಕೇಳಿ."

ಹೆಡ್‌ಫೋನ್ ಹಾಕಿಕೊಂಡರು. ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ, ಗಿಟಾರಿನ ಭಾಗ ಬರುವುದನ್ನೇ ಕಾದರು. ಹುಬ್ಬು ಎತ್ತಿ ನನ್ನ ಕಡೆ ನೋಡಿದರು, ಈಗ ಬರುತ್ತದೆ ಎನ್ನುವ ಹಾಗೆ.

ತಾಳ ಹಾಕುತ್ತಿದ್ದ ಬೆರಳು ನಿಂತಿತು.

ಹೆಡ್‌ಫೋನಿನ ಪಿನ್ ಕಿತ್ತು ಮತ್ತೆ ಚುಚ್ಚಿದರು. ಹಿಂದಕ್ಕೆ ಹೋಗಿ ಅದೇ ಭಾಗ ಕೇಳಿದರು. ಬೇರೆ ಹಾಡು ಹಾಕಿದರು. ಅದರ ಗಿಟಾರಿನ ಭಾಗಕ್ಕೂ ಕಾದರು. ಆಮೇಲೆ ಹೆಡ್‌ಫೋನ್ ತೆಗೆದು, ಒಳಗಿದ್ದ ಹೆಂಡತಿಯನ್ನು ಕೂಗಿದರು. ಬಾಯಮ್ಮ ಬಂದು, ಹೇಳಿದ ಹಾಗೆ ಹಾಕಿಕೊಂಡರು.

"ಹೇಗುಂಟು?"

"ಒಳ್ಳೇದುಂಟು."

"ಅವತ್ತಿನದ್ದೇನಾ?"

"ಅವತ್ತಿನದ್ದೇ. ನಾನು ಅಲ್ಲೇ ಕೂತಿದ್ದೆನಲ್ಲ."

ಅವರು ನನ್ನ ಕಡೆ ತಿರುಗಿದರು. ಹೆಡ್‌ಫೋನ್ ನನಗೆ ಕೊಡಲಿಲ್ಲ. ಮೇಜಿನ ಮೇಲಿನ ವಾಲ್ವುಗಳನ್ನು ತೋರಿಸಿ, "ಮತ್ತೆ ಇದು?" ಎಂದರು.

"ಇದು ಸರಿಯಿದೆ ಪೊರ್ಬುಗಳೇ. ಮೊದಲ ಶುಕ್ರವಾರದಿಂದಲೂ ಸರಿಯಿದೆ."

"ಹಾಗಾದ್ರೆ ವಾಲ್ವ್ ಯಾಕೆ ಬದಲಾಯಿಸಿದ್ರಿ?"

"ನೀವು ಹೇಳಿದ್ರಿ."

"ನಾನು ಹೇಳಿದ್ರೆ ನೀವು ಹಾರುವ ವಿಮಾನದ ಚಕ್ರ ಬಿಚ್ತಿದ್ರಾ?"

ನಗು ಬರಬೇಕಾದ ಮಾತು. ಯಾರೂ ನಗಲಿಲ್ಲ. ಬಾಯಮ್ಮ ಅವರ ಹೆಗಲ ಮೇಲೆ ಕೈ ಇಡಹೋದರು. ಅವರು ಹೆಗಲು ಸರಿಸಿದರು. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಯಾರೋ ಟೈರ್ ಬದಲಾಯಿಸುತ್ತಿದ್ದರು. ಕಬ್ಬಿಣದ ಸದ್ದು ನನಗೆ ಕೇಳುತ್ತಿತ್ತು. ಅವರಿಗೆ ಕೇಳುತ್ತಿತ್ತೋ ಇಲ್ಲವೋ ತಿಳಿಯದು.

ಪೊರ್ಬುಗಳು ಎದ್ದು ನಿಂತರು. ಮಲಗುವ ಕೋಣೆಗೆ ಹೋಗಿ ಕಪಾಟಿನ ಬಾಗಿಲು ತೆರೆದರು. ಕಂಬಳಿಗಳನ್ನು ಒಂದೊಂದಾಗಿ ನೆಲಕ್ಕೆ ಎಳೆದರು. ಸ್ಪೀಕರ್ ಬಿಗಿದ ಹಲಗೆಯನ್ನು ಎತ್ತಿ ತಂದು ಹಾಲಿನ ನಡುವೆ ನಿಲ್ಲಿಸಿದರು.

"ಕಿವಿಗೆ ಪೆಟ್ಟಾಗ್ತದೆ," ಎಂದೆ.

"ಯಾವ ಕಿವಿಗೆ?"

ಕೆಳಗೆ ಹೋಗಿ, ಹೋಟೆಲಿನ ಜನರೇಟರ್ ಕೋಣೆಯಲ್ಲಿ ನಾನು ಹಾಕಿಕೊಳ್ಳುವ ಕಿವಿಮುಚ್ಚುಗೆ ತಂದೆ. ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಹಾಕಿಕೊಂಡರು. ಹಾಕಿಕೊಳ್ಳುವ ಮೊದಲು ಹೇಳಿದರು, "ನೀವೇ ಸೆಟ್ ಮಾಡಿ. ನನ್ನನ್ನು ಕೇಳ್ಬೇಡಿ. ನಿಮಗೂ ಇವಳಿಗೂ ಸರಿ ಅಂತ ಕಂಡ್ರೆ ಸರಿ."

ಅಳತೆಯ ಉಪಕರಣವಿಲ್ಲದೆ ನಾನು ಎಂದೂ ಏನನ್ನೂ ಹೊಂದಿಸಿದವನಲ್ಲ. ಆ ದಿನ ಹೊಂದಿಸಿದೆ. ಬಾಸ್ ಇಳಿಸಿದೆ. ಚೂಪನ್ನು ಅರ್ಧದಿಂದ ತುಸು ಮೇಲೆ ಬಿಟ್ಟೆ. ವಾಲ್ವುಗಳು ಕಾಯಲು ಬಿಟ್ಟು, ಗುಂಡಿಯನ್ನು ಮುಕ್ಕಾಲಿನಾಚೆಗೆ ತಿರುಗಿಸಿದೆ. ಬಾಯಮ್ಮನ ಕಡೆ ನೋಡಿದೆ. ಅವರು ಇನ್ನು ಸ್ವಲ್ಪ ಎಂದು ಬೆರಳಿನಲ್ಲಿ ಸನ್ನೆ ಮಾಡಿದರು. ಸ್ವಲ್ಪ ತಿರುಗಿಸಿದೆ. ಸಾಕು ಎಂದರು.

ಪೊರ್ಬುಗಳು ಬಾರಿಸಿದರು. ಸಾಮಾನು ಸಾಗಿಸಿ ಖಾಲಿಯಾದ ಮನೆ. ಸದ್ದು ನಾಲ್ಕು ಗೋಡೆಗೂ ಬಡಿದು ತಿರುಗಿ ಬಂತು. ಕಿಟಕಿಯ ಗಾಜು ನಡುಗಿತು. ಅವರು ಯಾವ ಹಾಡನ್ನು ಬಾರಿಸುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಬಾಯಮ್ಮನಿಗೆ ತಿಳಿದಿತ್ತು. ಅವರು ಗೋಡೆಗೆ ಒರಗಿ ನಿಂತು ಸೆರಗಿಲ್ಲದ ನೈಟಿಯ ತೋಳಿನಿಂದಲೇ ಮುಖ ಒರಸಿಕೊಳ್ಳುತ್ತಿದ್ದರು. ಪೊರ್ಬುಗಳ ಬೆರಳು ಒಂದು ಕಡೆಯೂ ತಪ್ಪಲಿಲ್ಲ. ಕಣ್ಣು ಬಿಳಿ ಗೋಡೆಯ ಮೇಲೆಯೇ ಇತ್ತು. ಲೆಕ್ಕ ಬಿಡಿಸುವವನ ಮುಖದಂತಿತ್ತು ಅವರ ಮುಖ. ಸಂಗೀತ ಕೇಳುವವನದ್ದಲ್ಲ.

ಯಾರೋ ಬಾಗಿಲು ಬಡಿದರು. ವಾಚ್‌ಮನ್. ಏದುಸಿರು ಬಿಡುತ್ತಿದ್ದ. "ಅಂಕಲ್, ಖಲಾಸ್ ಕರೋ! ಮೇಲಿನವರು, ಪಕ್ಕದವರು, ಎಲ್ಲರದ್ದೂ ಕಂಪ್ಲೇಂಟ್!" ಎಂದ. ಬಾಯಮ್ಮ ಮುಂದೆ ಹೋಗಿ, "ಇವತ್ತೊಂದು ದಿನ ಬಿಡು ಭಾಯ್," ಎಂದು ಬೇಡಿಕೊಳ್ಳುತ್ತಿದ್ದರು. ನಾನು ಪೊರ್ಬುಗಳ ಭುಜ ಮುಟ್ಟಿದೆ. ಅವರು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿ, ಕಿವಿಮುಚ್ಚುಗೆ ತೆಗೆದರು.

"ಯಾರದು?"

"ವಾಚ್‌ಮನ್." ಎರಡು ಸಲ ಹೇಳಬೇಕಾಯಿತು.

"ಎಂತ ಹೇಳ್ತಾನೆ?"

"ತುಂಬಾ ಜೋರಾಯ್ತಂತೆ."

"ಜೋರು ಮಾತ್ರವಾ? ಸೌಂಡ್ ಕೆಟ್ಟದುಂಟು ಅಂತ ಹೇಳ್ಲಿಲ್ಲವಲ್ಲ?"

"ಇಲ್ಲ," ಎಂದೆ. "ಹಾಗೆ ಹೇಳಲಿಲ್ಲ."

ಅವರು ತಲೆಯಾಡಿಸಿದರು. ಗಿಟಾರಿನಿಂದ ಪೆಟ್ಟಿಗೆಗೆ ಹೋಗುವ ವೈರನ್ನು ಕಿತ್ತು, ಸುರುಳಿ ಸುತ್ತಿ, ನನ್ನ ಕೈಗೆ ಕೊಟ್ಟರು.